ಹಾಡಿನ ನಡುವೆ ಬಿಟ್ಟ ಜಾಗ

ಜನವರಿ ೯

ಮೊಮ್ಮಗಳೆಂದು ಕರೆಯಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿರದ ತುತ್ತೂರಿಗೆ,

ನಿನಗೆ ಚೂರಾದರೂ ನಾಚಿಕೆ ಇದೆಯೇನೇ? ಕೂತುಕೊಂಡು ಓದುತ್ತಿದ್ದೀಯಾ? ಏಳು. ನಿಂತುಕೊಂಡು ಓದು. ನಿನ್ನ ಕಿವಿ ನನ್ನ ಕೈಗೆ ಸಿಗುವಷ್ಟು ಹತ್ತಿರವಿದ್ದಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ಮೊನ್ನೆ ನಿನ್ನಪ್ಪ ಫೋನ್ ಮಾಡಿದ. "ಅಮ್ಮಾ, ನಿನ್ನ ಮೊಮ್ಮಗಳು ಶಾಲೆ ಕೆಲಸ ಬಿಟ್ಟು ಮೂರು ತಿಂಗಳಾಯ್ತಂತೆ. ಈಗ ವೃದ್ಧಾಶ್ರಮಗಳಲ್ಲಿ ಹಾಡ್ಕೊಂಡು ಓಡಾಡ್ತಿದ್ದಾಳೆ. ಒಬ್ಬಳೇ. ವಾರಕ್ಕೆ ಆರು ಕಡೆ" ಅಂದ. ಬಾಯಿಗೆ ಹೋಗಬೇಕಾದ ಚಹಾ ಮೂಗಿಗೆ ಹೋಯಿತು. ನಿನ್ನ ಚಿಕ್ಕಮ್ಮ ಓಡಿ ಬಂದು ಬೆನ್ನು ತಟ್ಟಿದಳು. ಎಷ್ಟು ಉತ್ಸಾಹದಿಂದ ತಟ್ಟಿದಳೆಂದರೆ, ಇಪ್ಪತ್ತೆರಡು ವರ್ಷದಿಂದ ಇಂಥದೊಂದು ಅವಕಾಶಕ್ಕೇ ಕಾಯುತ್ತಿದ್ದಳೇನೋ.

ಮೂರು ತಿಂಗಳು! ನನಗೆ ಒಂದು ಮಾತು ಹೇಳಲಿಲ್ಲ. ಹಾಡುವುದಕ್ಕೆ ನಿನಗೆ ಎಚ್ಚರವಿರುವ ಜನ ಯಾರೂ ಸಿಗಲಿಲ್ಲವೇ? ಒಬ್ಬರಿಗೆ ಕಿವಿಯಿಲ್ಲ, ಒಬ್ಬರಿಗೆ ನೆನಪಿಲ್ಲ. ಚಪ್ಪಾಳೆ ತಟ್ಟಬೇಕೆಂದರೆ ಒಂದು ಕೈ ಇನ್ನೊಂದು ಕೈಯನ್ನು ಹುಡುಕಿಕೊಂಡು ಹೊರಡಬೇಕು. ನಾನೂ ಮುದುಕಿಯೇ, ಅದಕ್ಕೇ ಹೇಳುತ್ತಿದ್ದೇನೆ. ಮುದುಕರಿಗೆ ಹಾಡು ಬೇಡ ಕಣೆ. ಅವರ ಮಂಡಿ ನೋವಿನ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳುವ ಒಬ್ಬರು ಸಿಕ್ಕರೆ ಸಾಕು.

ನಿನಗೆ ಆ ಗಂಟಲು ಬಂದದ್ದು ಎಲ್ಲಿಂದ ಎಂದು ನೆನಪಿದೆಯೇ? ನಿನ್ನಮ್ಮನ ಕಡೆಯಿಂದಂತೂ ಅಲ್ಲ. ಆ ಮನೆಯವರು ಆಕಳಿಸಿದರೂ ಶ್ರುತಿ ತಪ್ಪುತ್ತದೆ. ಇಟ್ಟಿಗೆ ಭಟ್ಟಿಯಲ್ಲಿ ನಲವತ್ತು ಆಳುಗಳಿಗೆ ಹಾಡು ಎತ್ತಿಕೊಡುತ್ತಿದ್ದವಳು ನಾನು. ನೀನು ಹುಟ್ಟಿದ ದಿನ ಆಸ್ಪತ್ರೆಯ ಮೂರು ಮಹಡಿಗೂ ಕೇಳುವಂತೆ ಅತ್ತಾಗ, "ಇದು ನನ್ನ ತುತ್ತೂರಿ" ಎಂದು ಎತ್ತಿಕೊಂಡವಳೂ ನಾನೇ. ಆ ಗಂಟಲನ್ನು ಗೊರಕೆಯವರ ಮುಂದೆ ಸುರಿಯುತ್ತೀಯಾ?

ಫೋನ್ ಮಾಡಬೇಡ. ನನಗೆ ಕಿವಿ ಮಂದವೆಂದು ಇವರು ಫೋನನ್ನು ಜೋರು ಮಾಡಿ ಊಟದ ಮೇಜಿನ ಮೇಲಿಡುತ್ತಾರೆ. ನಾನು ಬೈಯುವುದನ್ನು ಮನೆಮಂದಿಯೆಲ್ಲ ಕೂತು ಕೇಳುತ್ತಾರೆ. ಮೂರನೇ ಕ್ಲಾಸಿನವರೆಗೆ ನಾನು ಕಲಿತ ಅಕ್ಷರ ಇಂಥ ಹೊತ್ತಿಗೆ ಬೇಕೆಂದೇ ಕಲಿತದ್ದು. ಕಾಗದ ಬರೆ.

ಸಿಟ್ಟಿನಲ್ಲಿರುವ
ನಿನ್ನ ಅಜ್ಜಿ

ಬಿಸಿನೀರು ಕುಡಿಯುತ್ತೀಯ ತಾನೇ? ಗಂಟಲಿಗೆ.


ಜನವರಿ ೨೪

ಪ್ರೀತಿಯ ಅಜ್ಜಿ,

ನಿಂತುಕೊಂಡೇ ಓದಿದೆ. ಬಿಸಿನೀರು ಕುಡಿಯುತ್ತಿದ್ದೇನೆ. ಹೇಳದೆ ಇದ್ದದ್ದು ತಪ್ಪು. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ ಎನ್ನುವುದೂ ಸುಳ್ಳಲ್ಲ.

ಶಾಲೆಯಲ್ಲಿ ನನ್ನ ಪಾಠಕ್ಕೆ ಮಕ್ಕಳು ಕಾಯುತ್ತಿರಲಿಲ್ಲ ಅಜ್ಜಿ, ಅದು ಮುಗಿಯುವ ಗಂಟೆಗೆ ಕಾಯುತ್ತಿದ್ದರು. ಇಲ್ಲಿ ನಾನು ಸ್ಪೀಕರ್ ಎಳೆದುಕೊಂಡು ಒಳಗೆ ಬಂದರೆ ಬಾಗಿಲಲ್ಲೇ ನಾಲ್ಕು ಗಾಲಿಕುರ್ಚಿಗಳು ನಿಂತಿರುತ್ತವೆ. ಕೀಬೋರ್ಡ್ ನನ್ನದೇ, ಮೈಕ್ ನನ್ನದೇ, ವೈರು ಸುತ್ತುವವಳೂ ನಾನೇ. ಮೊದಲ ಯುದ್ಧ ಟೀವಿ ಆರಿಸುವುದು. ಒಂದು ಕಡೆ ಒಬ್ಬ ತಾತ ಇದ್ದಾರೆ, ಅವರನ್ನು ಎಲ್ಲರೂ ಜಡ್ಜ್ ಎನ್ನುತ್ತಾರೆ. ನಾನು ಶುರು ಮಾಡುವ ಮೊದಲು ಊರುಗೋಲಿನಿಂದ ನೆಲ ಕುಟ್ಟಿ "ವಾದ ಮಂಡಿಸಿ" ಅನ್ನಬೇಕು. ಅನ್ನದಿದ್ದರೆ ಹಾಡುವಂತಿಲ್ಲ. ಇನ್ನೊಂದು ಕಡೆ ಒಬ್ಬ ಅಜ್ಜಿ ಒಂದೇ ಹಾಡನ್ನು ಐದು ಸಲ ಕೇಳುತ್ತಾರೆ. ಐದು ಸಲವೂ ಮೊದಲ ಸಲ ಹಾಡಿದಂತೆ ಹಾಡಬೇಕು, ಏಕೆಂದರೆ ಅವರು ಕೇಳುತ್ತಿರುವುದು ಮೊದಲ ಸಲವೇ. ನಾನು ಕಲಿತ ಇನ್ನೊಂದು ಪಾಠ: "ಇದು ಕೊನೆಯ ಹಾಡು" ಎಂದು ಅಲ್ಲಿ ಯಾವತ್ತೂ ಹೇಳಬಾರದು. ಒಮ್ಮೆ ಹೇಳಿ ನೋಡಿದ ಮುಖಗಳನ್ನು ಮರೆತಿಲ್ಲ.

ಈಗ ನಿಜವಾದ ವಿಷಯ. ಪ್ರತಿ ಕಡೆಯೂ ನೀನು ನನ್ನನ್ನು ಮಲಗಿಸುತ್ತಿದ್ದ ಹಾಡನ್ನು ಹಾಡುತ್ತೇನೆ. "ಇದು ನನ್ನಜ್ಜಿ ಕಟ್ಟಿದ ಹಾಡು" ಎಂದು ಮೈಕಿನಲ್ಲಿ ಹೇಳಿಯೇ ಹಾಡುತ್ತೇನೆ.

ಬೆಂದವಳು ಬಂದಳು, ಬಿಸಿ ಇನ್ನೂ ಆರಿಲ್ಲ —
ಕೈಯಿಂದ ಕೈದಾಟಿ ಯಾರ ಮನೆ ಸೇರ್ತಾಳೋ —

ಒಂದೊಂದು ಸಾಲಿನ ಕೊನೆಗೂ ನೀನು ಸುಮ್ಮನಾಗುತ್ತಿದ್ದೆಯಲ್ಲ, ಉಸಿರು ತೆಗೆದುಕೊಳ್ಳಲು ಎಂದುಕೊಂಡಿದ್ದೆ. ಆ ಜಾಗವನ್ನು ಕೀಬೋರ್ಡಿನಿಂದ ತುಂಬಿಸುತ್ತಿದ್ದೆ. ಗುರುವಾರ ಹಾಡುವ ವೃದ್ಧಾಶ್ರಮದಲ್ಲಿ ಯಾರದೋ ಕುರ್ಚಿಯ ಗಾಲಿಗೆ ವೈರು ಸಿಕ್ಕಿ ಕೀಬೋರ್ಡ್, ಮೈಕ್ ಎರಡೂ ಸತ್ತವು. ನಿಲ್ಲಿಸಿದರೆ ಟೀವಿ ಹಾಕುತ್ತಾರೆಂಬ ಭಯಕ್ಕೆ ಬರೀ ಗಂಟಲಲ್ಲಿ ಹಾಡಿದೆ. ಮೊದಲ ಸಾಲು ಮುಗಿಯಿತು. ಸುಮ್ಮನಾದೆ.

ಕಿಟಕಿಯ ಪಕ್ಕ ಒಬ್ಬ ಅಜ್ಜಿ ಕೂರುತ್ತಾರೆ. ಕಡ್ಡಿಯಂತಿದ್ದಾರೆ. ಬಂದು ಎರಡು ವರ್ಷವಾದರೂ ಒಂದು ಮಾತಾಡಿಲ್ಲವಂತೆ. ಆ ಮೌನದಲ್ಲಿ ಅವರ ಎರಡೂ ಕೈ ಮುಂದೆ ಬಂದವು. ಅಂಗೈ ಮೇಲ್ಮುಖವಾಗಿ. ಸೊಂಟ ಒಂದಿಷ್ಟು ಬಗ್ಗಿತು. ಏನನ್ನೋ ತೆಗೆದುಕೊಂಡು ಎಡಕ್ಕೆ ತಿರುಗಿ ಕೊಟ್ಟಂತೆ ಮಾಡಿದರು. ಆಯಾ "ಹಸಿವಾಯ್ತೇನಜ್ಜಿ?" ಎಂದು ಕೈಯಲ್ಲಿ ಬಿಸ್ಕತ್ತು ಇಟ್ಟಳು. ಅದನ್ನು ಕೆಳಗೆ ಬಿಟ್ಟರು. ಎರಡನೇ ಸಾಲು. ಮತ್ತೆ ಮೌನ. ಮತ್ತೆ ಕೈ. ಹಾಡು ಮುಗಿಯುವವರೆಗೂ, ಒಂದು ಸಲವೂ ತಪ್ಪದೆ.

ಅವರು ಏನು ಬೇಡುತ್ತಿದ್ದಾರೆ?

ನಿನ್ನ
ತುತ್ತೂರಿ


ಫೆಬ್ರವರಿ ೨

ತುತ್ತೂರಿ,

ನಿನ್ನ ಕಾಗದ ಓದಿ ಗೋಡೆ ಹಿಡಿದುಕೊಂಡು ಕೂತೆ. ಚಿಕ್ಕಮ್ಮ "ಯಾರಾದ್ರೂ ಹೋದ್ರಾ ಅತ್ತೆ?" ಎಂದು ಕೇಳಿದಳು. ಇಲ್ಲ, ಬಂದರು ಅಂದೆ. ಅವಳು ನಿನ್ನ ಚಿಕ್ಕಪ್ಪನಿಗೆ ಹೇಳಿ, ಅವನು ಡಾಕ್ಟರನ್ನು ಕರೆಸಿ, ಡಾಕ್ಟರು ನನ್ನ ನಾಲಿಗೆ ಚಾಚಿಸಿ ನೋಡಿ ಹೋದ. ನಾಲಿಗೆ ಚೆನ್ನಾಗಿದೆಯಂತೆ. ಅದು ಈ ಮನೆಯವರಿಗೆ ಹೊಸ ವಿಷಯವೇನಲ್ಲ.

ಅವಳು ಏನನ್ನೂ ಬೇಡುತ್ತಿಲ್ಲ ಕಣೆ. ಹಿಡಿಯುತ್ತಿದ್ದಾಳೆ. ಇಟ್ಟಿಗೆ.

ಅದು ಮಲಗಿಸುವ ಹಾಡಲ್ಲ. ಭಟ್ಟಿಯ ಬಾಯಿಂದ ಗಾಡಿಯವರೆಗೆ ಎದುರುಬದುರಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ಎಸೆಯುವಾಗ ಹಾಡುತ್ತಿದ್ದ ಹಾಡು. ಸಾಲು ಮುಗಿದು ಬಾಯಿ ಸುಮ್ಮನಾದಾಗ ಇಟ್ಟಿಗೆ ಎಸೆಯಬೇಕು. ಹಾಡು ನಡೆಯುವಾಗ ಎಸೆಯಬಾರದು. ಉಸಿರು ತೆಗೆದುಕೊಳ್ಳುವುದಕ್ಕಂತೆ! ನೀನು ಕೀಬೋರ್ಡಿನಿಂದ ತುಂಬಿಸಿದ ಆ ಜಾಗದಲ್ಲಿ ನಲವತ್ತು ಇಟ್ಟಿಗೆ ಒಟ್ಟಿಗೆ ಗಾಳಿಯಲ್ಲಿರುತ್ತಿದ್ದವು.

ಆ ಒಂದು ಭಟ್ಟಿ ಬಿಟ್ಟು ಬೇರೆಲ್ಲೂ ಈ ಹಾಡಿಲ್ಲ. ಆ ಸಾಲಿನಲ್ಲಿ ನಿಂತವರು ಬಿಟ್ಟು ಬೇರೆ ಯಾರ ಕೈಯೂ ಆ ಹೊತ್ತಿಗೆ ಮುಂದೆ ಬರುವುದಿಲ್ಲ.

ಮುಂದಿನ ಗುರುವಾರ ಅವಳ ಬಲಗೈ ನೋಡಿ ಬಾ. ಬೆರಳು ನೋಡು. ಏಕೆಂದು ಕೇಳಬೇಡ. ನಾನು ಬರೆಯುವವರೆಗೆ ಅಲ್ಲಿ ಆ ಹಾಡು ಹಾಡಬೇಡ. ಎಲ್ಲೂ ಹಾಡಬೇಡ.

ಅಜ್ಜಿ


ಫೆಬ್ರವರಿ ೧೩

ಅಜ್ಜಿ,

ಬಲಗೈಯ ತೋರುಬೆರಳು, ನಡುಬೆರಳು ಅರ್ಧಕ್ಕೇ ನಿಂತಿವೆ. ತುದಿ ಇಲ್ಲ. ತುಂಬ ಹಳೆಯ ಗಾಯ. ನಿನಗೆ ಹೇಗೆ ಗೊತ್ತು?

ಹಾಡಬೇಡ ಎಂದಿದ್ದೆ, ಆದರೆ ಹಾಡಿದೆ. ಬೈಯಬೇಡ, ಪೂರ್ತಿ ಕೇಳು. ಅವತ್ತು ಕೀಬೋರ್ಡ್ ಇಲ್ಲದೆ ಹಾಡಿದ ದಿನ ಅವರು ಯಾರೂ ತಿನ್ನಿಸದೆ ತಾವೇ ಊಟ ಮಾಡಿದರಂತೆ. ಅದಕ್ಕೆ ಮೇಲ್ವಿಚಾರಕಿ ಮೇಡಂ ನನ್ನನ್ನು ಬಾಗಿಲಲ್ಲೇ ಹಿಡಿದರು. "ಅದೊಂದು ಹಾಡು ಬಿಡಬೇಡಮ್ಮ, ಉಳಿದಿದ್ದು ಏನ್ ಬೇಕಾದ್ರೂ ಮಾಡು" ಅಂದರು. ಕೀಬೋರ್ಡ್ ಮುಟ್ಟದೆ ಹಾಡಿದೆ, ಮತ್ತೆ ಕೈ ಬಂತು. ಈ ಸಲ ಪಕ್ಕದ ಕುರ್ಚಿಯ ತಾತ ಅವರು ಕೊಟ್ಟದ್ದನ್ನು ತೆಗೆದುಕೊಂಡು ತನ್ನ ಪಕ್ಕದವರಿಗೆ ದಾಟಿಸಿದರು. ಏನು ದಾಟಿಸುತ್ತಿದ್ದೇವೆಂದು ಯಾರಿಗೂ ಗೊತ್ತಿಲ್ಲ, ಆದರೂ ದಾಟಿಸಿದರು.

ಅವರನ್ನು ನೋಡಲು ಯಾರೂ ಬರುವುದಿಲ್ಲ. ಅಕ್ಕನ ಮಗಳೊಬ್ಬಳು ಸೇರಿಸಿ ಹೋದವಳು ಊರನ್ನೇ ಬಿಟ್ಟಿದ್ದಾಳೆ.

ಏಪ್ರಿಲ್‌ನ ಮೂರನೇ ಶನಿವಾರ ಅಲ್ಲಿ ಮನೆಯವರೆಲ್ಲ ಬಂದು ಸೇರುವ ದಿನ. ಮೇಡಂಗೆ ನಿನ್ನ ವಿಷಯ ಹೇಳಿದೆ. ಹಾಡು ಕಟ್ಟಿದವರನ್ನೇ ಕರೆಸು ಅಂದರು. ನೀನು ಬರಬೇಕು. ನಾನು ಮೈಕಿನಲ್ಲಿ "ಇವರೇ ನನ್ನಜ್ಜಿ" ಎನ್ನಬೇಕು. ಅವರು ನಿನ್ನ ಗೆಳತಿಯಲ್ಲವೇ ಅಜ್ಜಿ? ನಿನ್ನನ್ನು ನೋಡಿದರೆ ಎಷ್ಟು ಖುಷಿಪಡುತ್ತಾರೋ!

ತುತ್ತೂರಿ


ಮಾರ್ಚ್ ೫

ತುತ್ತೂರಿ,

ಈ ಸಲ ಕೂತುಕೊಂಡು ಓದು.

ಈ ಕಾಗದವನ್ನು ನಾಲ್ಕು ಸಲ ಬರೆದೆ, ನಾಲ್ಕು ಸಲ ಒಲೆಗೆ ಹಾಕಿದೆ. ಚಿಕ್ಕಮ್ಮ "ಅತ್ತೆ ಏನೋ ಸುಡ್ತಿದ್ದಾರೆ, ಆಸ್ತಿ ಪತ್ರ ಇರ್ಬೇಕು" ಎಂದು ಒಲೆಯ ಸುತ್ತಲೇ ಓಡಾಡುತ್ತಿದ್ದಾಳೆ.

ಅವಳನ್ನು ನಾವು ಕರೆಯುತ್ತಿದ್ದದ್ದು ಕಡ್ಡಿ ಎಂದೇ. ನೀನು ಕಡ್ಡಿಯಂತಿದ್ದಾರೆ ಎಂದು ಬರೆದಾಗಲೇ ನನಗೆ ಗುಮಾನಿ ಬಂದಿತ್ತು. ನನಗೆ ಹತ್ತೊಂಬತ್ತು, ಅವಳಿಗೂ ಅಷ್ಟೇ. ಸಾಲಿನಲ್ಲಿ ನನ್ನ ಎದುರಿಗೆ ನಿಲ್ಲುತ್ತಿದ್ದಳು, ಒಂದು ಮಾರು ದೂರದಲ್ಲಿ. ಒಂದು ವರ್ಷ ನಾನೆಸೆದ ಇಟ್ಟಿಗೆಯನ್ನೆಲ್ಲ ಹಿಡಿದವಳು ಅವಳು. ಇಟ್ಟಿಗೆ ಬಿಸಿಯಿರುತ್ತಿತ್ತು. ಅಂಗೈಗೆ ಹರಿದ ಬಟ್ಟೆ ಸುತ್ತಿಕೊಳ್ಳುತ್ತಿದ್ದೆವು. ಬೆಳಿಗ್ಗೆ ನನ್ನ ಕೈಗೆ ಅವಳು ಸುತ್ತುತ್ತಿದ್ದಳು, ಅವಳ ಕೈಗೆ ನಾನು.

ಈಗ ಮೊದಲನೆಯ ಮಾತು. ಆ ಹಾಡು ನಾನು ಕಟ್ಟಿದ್ದಲ್ಲ. ಕಡ್ಡಿ ಕಟ್ಟಿದ್ದು. ಅದಕ್ಕೆ ಮೊದಲು ಮೇಸ್ತ್ರಿ "ಹೂಂ! ಹೂಂ!" ಎಂದು ಕೂಗುತ್ತಿದ್ದ. ಅರ್ಧ ಇಟ್ಟಿಗೆ ನೆಲಕ್ಕೆ, ಅರ್ಧ ಕಾಲಿನ ಮೇಲೆ. ಇವಳು ಆ ಎರಡು ಸಾಲು ಕಟ್ಟಿ, ನಡುವೆ ಬಾಯಿ ಮುಚ್ಚುವ ಜಾಗ ಬಿಟ್ಟಳು. ಅವತ್ತಿನಿಂದ ಯಾರ ಕಾಲೂ ಒಡೆಯಲಿಲ್ಲ.

ಮೇಸ್ತ್ರಿ ಒಂದು ಶನಿವಾರ ಬಂದು ಹೇಳಿದ: "ಸೋಮವಾರದಿಂದ ಕಡ್ಡಿ ಸಾಲಲ್ಲಿ ನಿಲ್ಲೋದು ಬೇಡ. ದಿಬ್ಬದ ಮೇಲೆ ನಿಂತು ಹಾಡು ಎತ್ತಲಿ." ಇಟ್ಟಿಗೆ ಮುಟ್ಟದೆ ಇಡೀ ದಿನ ನೆರಳಿನಲ್ಲಿ ನಿಲ್ಲುವ ಕೆಲಸ! ನನ್ನ ಹೊಟ್ಟೆಗೆ ಭಟ್ಟಿಯ ಬೆಂಕಿಯೇ ಬಿದ್ದಂತಾಯಿತು. ಗಂಟಲು ದೊಡ್ಡದು ನನ್ನದು. ಅವಳದು ಸಣ್ಣದು. ಹಾಡು ಕಟ್ಟಿದರೆ ಏನಾಯಿತು, ಎತ್ತಬೇಕಾದವಳು ನಾನು ಅನ್ನಿಸಿತು.

ಅದೇ ಮಧ್ಯಾಹ್ನ. ಹಾಡಿನ ಎರಡನೇ ಸಾಲು ನಡೆಯುತ್ತಿತ್ತು. ಅವಳು ಪಕ್ಕದಲ್ಲಿ ಒಟ್ಟಿದ್ದ ಇಟ್ಟಿಗೆ ರಾಶಿಯ ಮೇಲೆ ಬಲಗೈ ಊರಿಕೊಂಡು, ಕಣ್ಣು ಅರ್ಧ ಮುಚ್ಚಿ ಹಾಡುತ್ತಿದ್ದಳು. ಸಾಲು ಮುಗಿದಿರಲಿಲ್ಲ. ನಾನು ಎಸೆದೆ. ಅವಳು ಹಿಡಿಯಲಾರದೆ ಬೆಪ್ಪಾಗಲಿ, ಮೇಸ್ತ್ರಿ ನೋಡಲಿ, ಅಷ್ಟೇ ಅಂದುಕೊಂಡಿದ್ದೆ. ಇಟ್ಟಿಗೆ ಹೋಗಿ ರಾಶಿಯ ಮೇಲಿದ್ದ ಬೆರಳಿನ ಮೇಲೇ ಬಿತ್ತು.

ಕೈ ಜಾರಿತು, ಕೈ ಜಾರಿತು ಎಂದು ಅರವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಜಾರಿದ ಇಟ್ಟಿಗೆ ನಮ್ಮ ಕಾಲಿನ ಮೇಲೆ ಬೀಳುತ್ತದೆ ಕಣೆ. ಎದುರಿನವರ ಕಡೆಗೆ ಹಾರುವುದಿಲ್ಲ.

ಮೇಸ್ತ್ರಿ ಓಡಿ ಬಂದು "ಯಾರದು ತಪ್ಪು?" ಅಂದ. "ಅವಳು ನೋಡ್ತಿರ್ಲಿಲ್ಲ ಮೇಸ್ತ್ರಿ, ಹಾಡಿನ ಗುಂಗಲ್ಲಿದ್ಲು" ಅಂದೆ. ನನ್ನ ಬಾಯಿ ನನಗಿಂತ ಮುಂಚೆ ಓಡಿತು. ಕಡ್ಡಿ ನನ್ನ ಮುಖ ನೋಡಿದಳು. ನಾನು ಬೆಳಿಗ್ಗೆ ಸುತ್ತಿದ್ದ ಬಟ್ಟೆಯನ್ನೇ ಬಿಚ್ಚಿ ಬೆರಳಿಗೆ ಸುತ್ತಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ಬೆರಳಿಲ್ಲದವಳಿಗೆ ಭಟ್ಟಿಯಲ್ಲಿ ಯಾರು ಕೆಲಸ ಕೊಡುತ್ತಾರೆ?

ಸೋಮವಾರ ದಿಬ್ಬದ ಮೇಲೆ ನಿಂತು ಅವಳ ಹಾಡನ್ನು ನಾನು ಎತ್ತಿದೆ. ಗಾಡಿ ಹೊಡೆಯಲು ಬಂದ ನಿನ್ನ ತಾತ ನನ್ನನ್ನು ನೋಡಿ ಮೆಚ್ಚಿದ್ದು ಆ ದಿಬ್ಬದ ಮೇಲೆ. ಲೆಕ್ಕ ನೀನೇ ಹಾಕಿಕೋ. ನಿನ್ನಪ್ಪ, ನಿನ್ನ ಚಿಕ್ಕಪ್ಪ, ನೀನು, ನಿನ್ನ ಗಂಟಲು, ಎಲ್ಲವೂ ಬಂದದ್ದು ಎಲ್ಲಿಂದ ಎಂದು.

ನೀನು ಊರೂರಲ್ಲಿ ಮೈಕ್ ಹಿಡಿದು "ನನ್ನಜ್ಜಿ ಕಟ್ಟಿದ ಹಾಡು" ಎನ್ನುತ್ತೀಯೆಂದು ಓದಿದಾಗಿನಿಂದ ತಟ್ಟೆಯನ್ನು ಹಾಗೇ ಸರಿಸಿ ಏಳುತ್ತಿದ್ದೇನೆ. ಖುಷಿಪಡುತ್ತಾಳಂತೆ! ನನ್ನನ್ನು ನೋಡಿದರೆ ಅವಳು ಏನು ಮಾಡುತ್ತಾಳೋ. ನೆನಪಿದ್ದರೂ ನನಗೆ ಭಯ, ಇಲ್ಲದಿದ್ದರೂ ಭಯ.

ಹೇಳಿಬಿಟ್ಟೆ. ಇನ್ನು ನೀನುಂಟು, ನಿನ್ನಜ್ಜಿ ಉಂಟು.

ಅಜ್ಜಿ


ಮಾರ್ಚ್ ೨೯

ತುತ್ತೂರಿ,

ಇಪ್ಪತ್ನಾಲ್ಕು ದಿನವಾಯಿತು. ಪೋಸ್ಟಿನವನು ನನ್ನನ್ನು ಕಂಡರೆ ಈಗ ಸೈಕಲ್ಲನ್ನು ಆ ಕಡೆಯ ರಸ್ತೆಗೆ ತಿರುಗಿಸುತ್ತಾನೆ. "ಇಲ್ಲ ಅಂದ್ರೆ ಬೈತೀರ ಅಜ್ಜಿ, ನಾನೇ ಬರೆದು ತರ್ಲಾ?" ಎಂದು ಕೇಳಿದ.

ನಿನಗೆ ಸಿಟ್ಟು ಬಂದಿರಬೇಕು. ಬರಲಿ. ಅಸಹ್ಯವಾಗಿರಬೇಕು. ಆಗಲಿ. ಈ ಮನೆಯಲ್ಲಿ ನನಗೆ ಬೈಯುವ ಧೈರ್ಯ ಯಾರಿಗೂ ಇಲ್ಲ. ಅದಕ್ಕೇ ನಾನು ಹೀಗೆ ಬೆಳೆದಿರುವುದು. ನೀನಾದರೂ ಬೈ. ನಾಲ್ಕು ಸಾಲು ಬೈದು ಕಳಿಸು.

ಬೈಯದಿದ್ದರೂ ಸರಿ. ನಾನು ಬರುತ್ತೇನೆ. ಚಿಕ್ಕಪ್ಪನಿಗೆ ಕಣ್ಣಿನ ಡಾಕ್ಟರೆಂದು ಹೇಳಿದ್ದೇನೆ. ಮೂರನೇ ಶನಿವಾರ ಎಷ್ಟು ಗಂಟೆಗೆ ಎಂದು ಮಾತ್ರ ತಿಳಿಸು.

ಅಜ್ಜಿ


ಏಪ್ರಿಲ್ ೪

ಅಜ್ಜಿ,

ಎರಡು ಗಂಟೆಗೆ. ನಿನ್ನ ಕುರ್ಚಿಯನ್ನು ಅವರ ಎದುರಿಗೆ ಹಾಕಿರುತ್ತೇನೆ. ಒಂದು ಮಾರು ದೂರದಲ್ಲಿ.

ಬೈಯುವುದಕ್ಕೆ ಇನ್ನೂ ಮಾತು ಸಿಕ್ಕಿಲ್ಲ.

ತುತ್ತೂರಿ


ಏಪ್ರಿಲ್ ೨೩

ತುತ್ತೂರಿ,

ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಓದು.

ಶನಿವಾರ ನೀನು ಮೈಕ್ ಹಿಡಿದು "ಈ ಹಾಡು ಕಟ್ಟಿದವರು ಇಲ್ಲೇ ಕೂತಿದ್ದಾರೆ" ಅಂದಾಗ ಆ ಹಾಲಿನವರೆಲ್ಲ ತಿರುಗಿ ನೋಡಿದ್ದು ನನ್ನನ್ನು. ಮೇಡಂ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ನೀನು ಕಿಟಕಿಯ ಕಡೆಗೆ ಕೈ ತೋರಿಸಿದೆ. ನನ್ನ ಕಿವಿ ಕೆಂಡವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಕಡ್ಡಿಯೂ ತಟ್ಟಿದಳು, ಯಾರಿಗೆಂದು ಕೇಳದೆ. ನೀನು ಮಾಡಿದ್ದು ಸರಿ. ಇನ್ನೊಮ್ಮೆ ಹೇಳಿಸಿಕೊಳ್ಳಬೇಡ.

ನೀನು ಹಾಡುವಾಗ ನೋಡಿದೆಯೋ ಇಲ್ಲವೋ, ಪ್ರತಿ ಸಲ ಅವಳ ಕೈ ಬಂದಾಗಲೂ ನನ್ನ ಕೈ ಮಡಿಲು ಬಿಟ್ಟು ಏಳಲಿಲ್ಲ. ಎಸೆಯಬೇಕಾದವಳು ನಾನು. ಅವಳು ಖಾಲಿ ಹಿಡಿದು ಖಾಲಿ ಕೊಟ್ಟಳು. ಆಮೇಲೆ ನಾಲ್ಕು ಗಂಟೆಗೆ ಇನ್ನೊಂದು ಕಡೆ ಹಾಡಬೇಕೆಂದು ನೀನು ಸ್ಪೀಕರ್ ಎಳೆದುಕೊಂಡು, "ಚಿಕ್ಕಪ್ಪನಿಗೆ ಇಲ್ಲಿನ ವಿಳಾಸ ಕೊಟ್ಟಿದ್ದೀನಿ, ಬಂದು ಕರ್ಕೊಂಡು ಹೋಗ್ತಾರೆ" ಎಂದು ಹೊರಟುಬಿಟ್ಟೆ. ಒಳ್ಳೆಯದೇ ಆಯಿತು. ಆದದ್ದೆಲ್ಲ ಆಮೇಲೆಯೇ.

ಬಂದವರೆಲ್ಲ ಹೋದರು. ಟೀವಿ ಮತ್ತೆ ಶುರುವಾಯಿತು. ಜಡ್ಜ್ ಎಂದು ಬರೆದಿದ್ದೆಯಲ್ಲ, ಅಂಥವನೊಬ್ಬ ಅಲ್ಲೂ ಇದ್ದಿದ್ದರೆ ನನ್ನ ಮೊಕದ್ದಮೆ ಅಲ್ಲೇ ಮುಗಿಯುತ್ತಿತ್ತು. ಕುರ್ಚಿಯಲ್ಲಿ ಅವಳು, ಎದುರಿಗೆ ನಾನು. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ, ಪಾದ ನೋಡುತ್ತಿದ್ದೆ. ಮೊಣಕಾಲಿನವರೆಗೆ ಹೊದಿಕೆ, ಕಾಲಿಗೆ ಯಾರದೋ ಗಂಡಸಿನ ಚಪ್ಪಲಿ. ಮಾತಾಡೋಣವೆಂದರೆ ನನ್ನ ನಾಲಿಗೆ, ಡಾಕ್ಟರು ಚೆನ್ನಾಗಿದೆ ಎಂದಿದ್ದ ಈ ನಾಲಿಗೆ, ಅಲುಗಲಿಲ್ಲ. ಬೇರೆ ದಾರಿ ತೋಚದೆ ಹಾಡಿದೆ. ನಿನ್ನಂಥ ಗಂಟಲೆಲ್ಲಿ ಈಗ? ಹಳೆಯ ಬಾಗಿಲು ಕಿರುಗುಟ್ಟಿದಂತೆ ಬಂತು. ಮೊದಲ ಸಾಲು ಮುಗಿಯಿತು, ಅವಳ ಕೈ ಬಂತು, ಹೋಯಿತು. ಎರಡನೇ ಸಾಲು ಹಾಡುತ್ತಿದ್ದೆ. ಈ ಸಲ ಎಸೆದೇ ಬಿಡಬೇಕೆಂದು ಕೈ ಎತ್ತಿದೆ. ಗಾಬರಿಗೆ ಬೇಗ ಎತ್ತಿಬಿಟ್ಟೆ. "ಯಾರ ಮನೆ" ಅನ್ನುವಷ್ಟರಲ್ಲಿ ಎತ್ತಿಬಿಟ್ಟೆ.

ಅವಳು ಎರಡೂ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಎದೆಗೆ ಒತ್ತಿಕೊಂಡಳು.

"ಆಗಲೇ ಎಸೀಬೇಡ್ವೇ" ಅಂದಳು. "ಹೋದ ಸಲಾನೂ ಹೀಗೇ ಮಾಡ್ದೆ."

ಎರಡು ವರ್ಷ ಮಾತಾಡದವಳು! ಹಿಂದೆ ಆಯಾಳ ಕೈಯಿಂದ ತಟ್ಟೆ ಬಿದ್ದ ಸದ್ದಾಯಿತು. ಅರವತ್ತು ವರ್ಷ, ತುತ್ತೂರಿ. ಅವಳಿಗೆ ಗೊತ್ತಿತ್ತು. ಕೈ ಜಾರಿದ್ದಲ್ಲ ಎಂದು ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಮೇಸ್ತ್ರಿಗೆ ಹೇಳದೆ ಹೋಗಿದ್ದಳು. ನಾನು ನನಗೇ ಹೇಳಿಕೊಂಡ ಸುಳ್ಳನ್ನು ನಂಬಿದವಳು ಇಡೀ ಭೂಮಿಯ ಮೇಲೆ ನಾನೊಬ್ಬಳೇ.

"ಕಡ್ಡೀ, ನಾನು ಬೇಕಂತಲೇ ಎಸೆದಿದ್ದು ಕಣೆ. ನಿಂಗೆ ಗೊತ್ತಿತ್ತಾ? ನಾನ್ಯಾರು ಹೇಳು" ಅಂದೆ. ಕಣ್ಣೀರು ಮೂಗು ಎಲ್ಲ ಒಂದಾಗಿತ್ತು.

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಕಾದೆ. ಉಗಿಯಲಿ ಎಂದು ಕಾದೆ. ಆಮೇಲೆ ಅವಳ ಕಣ್ಣು ನನ್ನ ಕೈಗೆ ಇಳಿಯಿತು.

"ಹೊಸಬಳಾ ನೀನು?" ಅಂದಳು. "ಬರಿಗೈಲಿ ಬಂದಿದ್ದೀಯಲ್ಲೇ. ಬಿಸಿ ಇರುತ್ತೆ. ಕೊಡಿಲ್ಲಿ."

ಹೆಗಲ ಮೇಲಿದ್ದ ಮುಖ ಒರೆಸುವ ಬಟ್ಟೆ ತೆಗೆದಳು. ನನ್ನ ಅಂಗೈಗೆ ಸುತ್ತಿದಳು. ಬಲಗೈಯಲ್ಲಿ ಉಳಿದ ಮೂರು ಬೆರಳಿನಿಂದ ತುದಿಯನ್ನು ಒಳಗೆ ಸಿಕ್ಕಿಸಿದಳು, ಹಿಂದೆ ಸಿಕ್ಕಿಸುತ್ತಿದ್ದ ಹಾಗೆಯೇ, ಹೆಬ್ಬೆರಳಿನ ಬುಡದಲ್ಲಿ. "ನಾನು ಹಾಡ್ತೀನಿ. ನಾನು ಸುಮ್ಮನಾದಾಗ ಎಸಿ. ಮುಂಚೆ ಬೇಡ. ತಿಳೀತಾ?"

ಹಾಡಿದಳು. ಅದೇ ಸಣ್ಣ ಗಂಟಲು, ಕಡ್ಡಿ ಗಂಟಲು. ಸುಮ್ಮನಾದಳು. ಎಸೆದೆ. ಹಿಡಿದಳು.

"ಹಾಂ. ಅಷ್ಟೇ" ಅಂದಳು. "ಕಲಿತ್ಕೋತೀಯ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗಲಿ ಬಿಡು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ನನಗೆ ಕೆಲಸ ಕಲಿಸಿದಳು ಕಣೆ. ನಿನ್ನ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಲ್ಲುವವರೆಗೂ ಕಲಿಸಿದಳು. "ಕಣ್ಣಿನ ಡಾಕ್ಟರು ಇಲ್ಲಿದ್ದಾರಾ?" ಎಂದು ಅವನು ಕಣ್ಣು ಕಣ್ಣು ಬಿಡುತ್ತಿದ್ದ. ಮೇಡಂ ಓಡಿ ಬಂದು "ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದರು. ಗೆಳತಿ ಎನ್ನಲು ನನಗೆ ಬಾಯಿಲ್ಲ. "ಎದುರಿಗೆ ನಿಲ್ಲೋಳು" ಅಂದೆ. ಪುಸ್ತಕದಲ್ಲಿ ಹಾಗೇ ಬರೆದುಕೊಂಡರೋ ಏನೋ.

ಆ ಬಟ್ಟೆ ಕೈಗೆ ಸುತ್ತಿಕೊಂಡೇ ಮನೆಗೆ ಬಂದೆ. ಚಿಕ್ಕಮ್ಮ ಒಗೆಯಲು ಕೇಳಿದಳು. ಮುಟ್ಟಿದರೆ ನೋಡು ಅಂದೆ.

ಈಗ ನನ್ನ ಮಾತು ಕೇಳು. ಮೊದಲನೆಯದು, ಆ ಹಾಡಿನ ನಡುವಿನ ಜಾಗವನ್ನು ಇನ್ನು ಮುಂದೆ ಕೀಬೋರ್ಡಿನಿಂದ ತುಂಬಿಸಿದರೆ ನಿನ್ನ ಬೆರಳು ಮುರಿಯುತ್ತೇನೆ. ಛೆ, ಇದನ್ನು ಬರೆಯಬಾರದಿತ್ತು. ಬರೆದಾಯಿತು, ಇರಲಿ, ನನ್ನ ಬಾಯಿ ಎಂಥದೆಂದು ನಿನಗೂ ನೆನಪಿರಲಿ. ಆಮೇಲೆ, ಇಷ್ಟು ದಿನ ನನ್ನ ಹೆಸರಿನಲ್ಲಿ ಹಾಡಿದೆಯಲ್ಲ, ಆ ಉಳಿದ ಐದು ಆಶ್ರಮಕ್ಕೂ ಹೋಗಿ, ಮೈಕ್ ಹಿಡಿದು, ಇದು ಕಡ್ಡಿಯ ಹಾಡು ಎಂದು ಹೇಳು. ಕೇಳುವವರು ನಿದ್ದೆಯಲ್ಲಿದ್ದರೂ ಹೇಳು. ಮತ್ತೆ, ನಿನಗೆ ಬೈಯುವುದಕ್ಕೆ ಮಾತು ಸಿಕ್ಕಿದ್ದರೆ ಅದನ್ನೂ ಬರೆ. ನಾನು ನಿಂತುಕೊಂಡು ಓದುತ್ತೇನೆ.

ಪ್ರತಿ ಗುರುವಾರ ನನ್ನನ್ನು ಅಲ್ಲಿಗೆ ಕರೆದೊಯ್ಯಲು ಯಾವ ಬಸ್ಸು, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲ ಬರೆದು ಕಳಿಸು. ಅವಳಿಗೆ ಪ್ರತಿ ವಾರವೂ ನಾನು ಹೊಸಬಳೇ ಆದರೂ ಚಿಂತೆಯಿಲ್ಲ. ಈ ತಿಂಗಳಲ್ಲಿ ಇನ್ನು ಏಳೇ ದಿನ ಉಳಿದಿದೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಎದುರಿಗೆ ನಿಲ್ಲುವ
ನಿನ್ನ ಅಜ್ಜಿ